ಮೀನು ಹೊಂಡಕ್ಕೆ ಗಾಳಿಯ ಕೊಳವೆ



ಶಿಕಾರಿಪುರ, ಸೊರಬ ಸೀಮೆಯಲ್ಲಿ ಹೊಂಡ ತೋಡಿ ಕಾಟ್ಲಾ, ರೋಹು, ಗೆಂಡೆ ಸಾಕುವವರು ಬೆಳಗಿನ ಜಾವ ದಡಕ್ಕೆ ಹೋಗಿ ನೋಡಿರಿ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕೊರತೆ. ಹಗಲು ಆಮ್ಲಜನಕ ಕೊಡುವ ಪಾಚಿಯು ರಾತ್ರಿ ತಾನೇ ಅದನ್ನು ಬಳಸುತ್ತದೆ.

ಇದಕ್ಕೆ ಗಾಳಿಯಂತ್ರವೇ ಪರಿಹಾರ. ಯಂತ್ರವನ್ನು ನೀರಿನ ಮಟ್ಟಕ್ಕಿಂತ 1 ಅಡಿಯಾದರೂ ಮೇಲಿಡಬೇಕು. ತಗ್ಗಿನಲ್ಲಿಟ್ಟರೆ ವಿದ್ಯುತ್ತು ನಿಂತಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ನುಗ್ಗಿ ಯಂತ್ರ ಕೆಡುತ್ತದೆ. ಮುಖ್ಯ ಕೊಳವೆ ಅಗಲವಿರಲಿ, ತಿರುವು ಕಡಿಮೆಯಿರಲಿ. ಗುಳ್ಳೆ ಬಿಡುವ ಕಲ್ಲುಗಳೆಲ್ಲ ಒಂದೇ ಆಳದಲ್ಲಿರಲಿ. ಇಲ್ಲವಾದರೆ ಗಾಳಿಯು ಮೇಲಿನ ಕಲ್ಲಿನಿಂದಲೇ ಹೊರಟುಹೋಗುತ್ತದೆ.

ರಾತ್ರಿಯಿಂದ ಸೂರ್ಯೋದಯದವರೆಗೆ ಯಂತ್ರ ನಡೆಸಿರಿ. ಮೋಡ ಕವಿದ ದಿನದ ರಾತ್ರಿ ಮಾತ್ರ ಮರೆಯಲೇಬಾರದು. ಅಂದು ಹಗಲಿನ ಗಳಿಕೆಯೇ ಕಡಿಮೆ.