ಎಂಬತ್ತೆರಡರ ಕಾಲಿಗೆ ಮರಳಿದ ರಕ್ತ

‘ಅಜ್ಜಿಗೆ ಎಂಬತ್ತೈದು. ಕಾಲ್ಬೆರಳು ಕಪ್ಪಾಗಿದೆ. ಈ ವಯಸ್ಸಿನಲ್ಲಿ ರಕ್ತನಾಳ ಬಿಡಿಸುವ ಚಿಕಿತ್ಸೆ ಬೇಕೇ, ಕಾಲು ತೆಗೆಸಿಬಿಡುವುದೇ ಮೇಲೋ?’ ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಲೇ ಇರುತ್ತದೆ. ಆ ಚಿಕಿತ್ಸೆ ಶುರುವಾದದ್ದೇ ಅಂಥ ಒಬ್ಬ ಅಜ್ಜಿಯ ಕಾಲಿನಿಂದ.

1964ರ ಜನವರಿ 16, ಅಮೆರಿಕದ ಪೋರ್ಟ್‌ಲ್ಯಾಂಡ್. 82 ವರ್ಷದ ಆಕೆಯ ತೊಡೆಯ ಅಪಧಮನಿ ಒಂದು ಕಡೆ ತೀರಾ ಕಿರಿದಾಗಿ ಪಾದಕ್ಕೆ ಗ್ಯಾಂಗ್ರೀನ್ ಆಗಿತ್ತು. ಕಾಲು ಕತ್ತರಿಸಬೇಕೆಂದರು, ಆಕೆ ಒಪ್ಪಲಿಲ್ಲ. ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್ ಅವರಿಗೆ ಬೇಕಾಗಿದ್ದ ಅವಕಾಶ ಅದು. ಹಿಂದಿನ ವರ್ಷ ಬೇರೊಬ್ಬ ರೋಗಿಯ ರಕ್ತನಾಳದ ಚಿತ್ರ ತೆಗೆಯುವಾಗ, ಮುಚ್ಚಿಹೋಗಿದ್ದ ನಾಳದೊಳಗೆ ಅವರ ಕ್ಯಾಥೆಟರ್ ಅಕಸ್ಮಾತ್ತಾಗಿ ತೂರಿ ದಾರಿ ಮಾಡಿಬಿಟ್ಟಿತ್ತು. ಚಿತ್ರ ತೆಗೆಯುವ ನಳಿಕೆಯಿಂದಲೇ ರಿಪೇರಿಯೂ ಆದೀತಲ್ಲ ಎಂಬ ಯೋಚನೆ ಅವರನ್ನು ಬಿಟ್ಟಿರಲಿಲ್ಲ. ಈಗ ಮೊದಲು ತೆಳುವಾದ ತಂತಿ ತೂರಿಸಿದರು, ಅದರ ಮೇಲೆ ಟೆಫ್ಲಾನ್ ನಳಿಕೆ, ಅದರ ಮೇಲೆ ಇನ್ನೂ ದಪ್ಪದ್ದು. ಕೆಲವೇ ನಿಮಿಷಗಳಲ್ಲಿ ಪಾದ ಬೆಚ್ಚಗಾಯಿತು. ಮುಂದೆ ಬದುಕಿದ್ದಷ್ಟು ಕಾಲವೂ ಆಕೆ ತನ್ನ ಕಾಲ ಮೇಲೆಯೇ ನಡೆದಾಡಿದಳು.

ಆದರೂ ಶಸ್ತ್ರವೈದ್ಯರು ಡಾಟರ್ ಅವರನ್ನು ಹುಚ್ಚನೆಂದರು. ಚಿತ್ರ ತೆಗೆದರೆ ಸಾಕು, ಸರಿಪಡಿಸುವ ಗೋಜಿಗೆ ಹೋಗಬೇಡಿ ಎಂದು ಚೀಟಿಯಲ್ಲಿ ಬರೆದು ರೋಗಿಯನ್ನು ಕಳಿಸಿದವರೂ ಇದ್ದರು! ವಿಧಾನಕ್ಕೆ ಮನ್ನಣೆ ಸಿಕ್ಕಿದ್ದು ಯುರೋಪಿನಲ್ಲಿ. 1974ರಲ್ಲಿ ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್‌ಜಿಗ್ ನಾಳದೊಳಗೆ ಉಬ್ಬಿಸಿ ದಾರಿ ಹಿಗ್ಗಿಸಲು ನಳಿಕೆಯ ತುದಿಗೆ ಬಲೂನ್ ಜೋಡಿಸಿದರು. ಅದೂ ಮೊದಲು ಕಾಲಿಗೇ. ಹೃದಯದ ಸರದಿ ಬಂದದ್ದು 1977ರಲ್ಲಿ.

ಕಾಲ್ಬೆರಳಿನ ಪಾಡು ಕಾಲುವೆಯ ಕೊನೇ ಭಾಗದ ಗದ್ದೆಯದು. ಮೇಲೆ ಎಲ್ಲಿ ಹೂಳು ತುಂಬಿದರೂ ಮೊದಲು ಒಣಗುವುದು ಅದೇ. ವಯಸ್ಸಾದ ಮಧುಮೇಹಿಗಳಲ್ಲಿ ಅಡ್ಡಿ ಹೆಚ್ಚಾಗಿ ಮೊಣಕಾಲಿನ ಕೆಳಗಿನ ಸಣ್ಣ ನಾಳಗಳಲ್ಲಿರುವುದರಿಂದ ತೊಡೆಯ ಮಟ್ಟದಲ್ಲಿ ಬಿಡಿಸಿದರಷ್ಟೇ ಸಾಲದು. ಅವರ ನಾಳದ ಗೋಡೆಗೆ ಸುಣ್ಣಾಂಶ ಸೇರಿ ಗಡುಸಾಗಿದ್ದರೆ ಕಣಕಾಲಿಗೆ ಪಟ್ಟಿ ಸುತ್ತಿ ಅಳೆಯುವ ರಕ್ತದೊತ್ತಡವೂ ಸುಳ್ಳು ಹೇಳುತ್ತದೆ: ನಾಳ ಅದುಮಲಿಕ್ಕೇ ಬಾರದೆ, ರಕ್ತ ಹರಿಯದ ಕಾಲಿನಲ್ಲೂ ಅಂಕಿ ಸರಿಯಾಗಿಯೇ ಕಾಣುತ್ತದೆ. ಕಾಲ್ಬೆರಳಿನ ಒತ್ತಡ ಅಳೆದರೆ ನಿಜ ತಿಳಿಯುತ್ತದೆ.

ಬಲೂನ್ ಚಿಕಿತ್ಸೆಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಡ, ತೊಡೆಸಂದಿಯಲ್ಲಿ ಸೂಜಿ ಚುಚ್ಚುವ ಜಾಗವನ್ನು ಮರಗಟ್ಟಿಸಿದರೆ ಸಾಕು. ಹೃದಯ, ಶ್ವಾಸಕೋಶ ದಣಿದವರಿಗೆ ಇದು ದೊಡ್ಡ ಅನುಕೂಲ. ಆದರೆ ಚಿತ್ರಕ್ಕೆ ಬಳಸುವ ಔಷಧ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ತೆರೆದ ನಾಳ ಮತ್ತೆ ಕಿರಿದಾಗುವುದೂ ಉಂಟು. ಒಳ್ಳೆಯ ಅಭಿಧಮನಿ ಮತ್ತು ತಾಳಿಕೊಳ್ಳುವ ದೇಹ ಇದ್ದವರಿಗೆ ಆ ಅಭಿಧಮನಿಯಿಂದ ಅಡ್ಡಿಯನ್ನು ಬಳಸಿ ರಕ್ತ ಹರಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಈಗಲೂ ಗಟ್ಟಿ ದಾರಿ. ವರ್ಷಗಟ್ಟಲೆ ಹಾಸಿಗೆ ಹಿಡಿದವರಿಗೆ ಎರಡೂ ಬೇಡವಾಗಿ ನೋವು ಇಳಿಸುವುದೇ ಸರಿಯಾದ ಚಿಕಿತ್ಸೆಯಾಗಬಹುದು. ಯಾವ ದಾರಿ ಎಂಬುದನ್ನು ನಿರ್ಧರಿಸುವುದು ರೋಗಿ ನಡೆಯುತ್ತಿದ್ದರೇ, ಏನು ಬಯಸುತ್ತಾರೆ ಎಂಬ ಪ್ರಶ್ನೆಗಳು, ವಯಸ್ಸಿನ ಅಂಕಿಯಲ್ಲ.

ಬೆರಳು ಕಪ್ಪಾಗಿದ್ದರೆ, ಮಲಗಿದಾಗ ಪಾದ ಉರಿದು ಕಾಲನ್ನು ಮಂಚದಿಂದ ಇಳಿಬಿಟ್ಟರೆ ಹಾಯೆನಿಸಿದರೆ ತಡಮಾಡಬೇಡಿ. ಕಾಲು ತೆಗೆಯುವ ಮಾತು ಬಂದಾಗ ಸಹಿ ಹಾಕುವ ಮುನ್ನ ರಕ್ತನಾಳ ತಜ್ಞರಿಗೆ ತೋರಿಸಿ, ‘ರಕ್ತದ ಹರಿವು ಪರೀಕ್ಷಿಸಿದ್ದೀರಾ?’ ಎಂದು ಕೇಳಿ.