ಹೊಲದಲ್ಲಿರುವ ಸೋಯಾ ತಾಟಿನಲ್ಲಿ ಏಕಿಲ್ಲ?

ಅಕ್ಕಲಕೋಟ: ದಸರೆಯ ಹೊತ್ತಿಗೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಬಾರ್ಶಿ ಭಾಗದ ರಸ್ತೆಗಳಲ್ಲಿ ಸೋಯಾಬೀನ್ ಚೀಲ ಹೇರಿಕೊಂಡ ಟ್ರ್ಯಾಕ್ಟರ್, ಟೆಂಪೊಗಳ ಓಡಾಟ ಹೆಚ್ಚು. ಮುಂಗಾರಿಗೆ ಬಿತ್ತಿ ಸುಮಾರು ನೂರು ದಿನಕ್ಕೆ ಕೈಗೆ ಬರುವ ಈ ಬೆಳೆ ರಾಶಿಯಾದ ಕಣದಿಂದ ನೇರವಾಗಿ ಅಡತಿ ಅಂಗಡಿಗೆ ಹೋಗುತ್ತದೆ. ಜೋಳ, ತೊಗರಿ, ಹೆಸರು, ಮಡಕಿ ಬೆಳೆದವರು ವರ್ಷದ ಊಟಕ್ಕೆಂದು ಒಂದು ಪಾಲು ತೆಗೆದಿಡುತ್ತಾರೆ. ಸೋಯಾಬೀನ್ ಬೆಳೆದವರು ಬಿತ್ತನೆಗೆ ಒಂದಿಷ್ಟು ಇಟ್ಟಾರು, ಊಟಕ್ಕೆಂದು ಇಡುವವರು ವಿರಳ. ಕಾಳು ಮಾರಿದ ಹಣದಲ್ಲೇ ಸೋಯಾ ಎಣ್ಣೆಯ ಡಬ್ಬಿಯನ್ನೂ ಸೋಯಾ ವಡಿಯ ಪಾಕೀಟನ್ನೂ ಕೊಂಡು ತರುವುದುಂಟು.

ಇದಕ್ಕೆ ಕಾರಣ ಕಾಳಿನ ದೋಷವಲ್ಲ. ಬೆಳೆ ಬಂತು, ಅದರ ಜೊತೆ ಅಡುಗೆ ಬರಲಿಲ್ಲ. ಸೋಯಾಬೀನ್ ದೊಡ್ಡ ಪ್ರಮಾಣದಲ್ಲಿ ಮೊದಲು ಹಬ್ಬಿದ್ದು ಮಧ್ಯಪ್ರದೇಶದಲ್ಲಿ, 1960-70ರ ದಶಕಗಳಲ್ಲಿ. ಅನಂತರ ವಿದರ್ಭ, ಮರಾಠವಾಡಾ ದಾಟಿ ಇತ್ತ ಸೊಲ್ಲಾಪುರಕ್ಕೂ ಅತ್ತ ಬೀದರಕ್ಕೂ ಬಂತು. ಎಣ್ಣೆ ಗಿರಣಿಗಳಿಗೆ ಕಾಳು ಬೇಕಿತ್ತು, ರೈತನಿಗೆ ಬೇಗ ಬರುವ ರೊಕ್ಕದ ಬೆಳೆ ಬೇಕಿತ್ತು. ಎಣ್ಣೆ ತೆಗೆದು ಉಳಿದ ಹಿಂಡಿ ಕೋಳಿ ಆಹಾರಕ್ಕೂ ರಫ್ತಿಗೂ ಹೋಯಿತು. ಹೀಗಾಗಿ ಇದು ಎಣ್ಣೆ ಕಾಳು, ಕೋಳಿ ಕಾಳು ಎಂಬ ಭಾವನೆ ಜನರಲ್ಲಿ ಉಳಿಯಿತು.

ಎಲ್ಲೆಡೆಯೂ ಹೀಗಿಲ್ಲ. ಉತ್ತರಾಖಂಡದ ಕುಮಾವೂಂ ಬೆಟ್ಟದ ಹಳ್ಳಿಗಳಲ್ಲಿ ಕಪ್ಪು ಸೋಯಾವನ್ನು ‘ಭಟ್’ ಎಂದು ಕರೆದು ತಲೆಮಾರುಗಳಿಂದ ಉಣ್ಣುತ್ತಾರೆ. ಅದರ ‘ಚುಡಕಾನಿ’ ಅಲ್ಲಿ ಅನ್ನದ ಜೊತೆಗಿನ ನಿತ್ಯದ ಸಾರು. ನಮ್ಮದೇ ಮಹಾರಾಷ್ಟ್ರದ ವಾರ್ಧಾದಲ್ಲಿ ಗಾಂಧೀಜಿಯವರು ಮಗನವಾಡಿಯ ನಿವಾಸಿಗಳ ಊಟದಲ್ಲಿ ಸೋಯಾ ಸೇರಿಸಿ ನೋಡಿದ್ದರು. 1935ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಆ ಬಗ್ಗೆ ಬರೆದೂ ಇದ್ದರು. ವಾರ್ಧಾದ ಆ ಪ್ರಯೋಗ ಗಡಿಯ ಹಳ್ಳಿಗಳ ಅಡುಗೆಮನೆಯ ತನಕ ಬರಲಿಲ್ಲ, ಅಷ್ಟೇ.

ಬೆಲೆ ಬಿದ್ದಾಗಲಾದರೂ ನೋಡಬೇಕಾದ ಲೆಕ್ಕ

2021ರ ಆಗಸ್ಟ್‌ನಲ್ಲಿ ರಾಜ್ಯದ ಕೆಲ ಪೇಟೆಗಳಲ್ಲಿ ಸೋಯಾಬೀನ್ ಕ್ವಿಂಟಾಲಿಗೆ 10 ಸಾವಿರ ರೂಪಾಯಿ ದಾಟಿತ್ತು. 2024ರ ಸುಗ್ಗಿಯಲ್ಲಿ ಅದೇ ಕಾಳು 4,892 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಇಳಿಯಿತು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಬೆಂಬಲ ಬೆಲೆಯನ್ನು 5,328 ರೂಪಾಯಿಗೆ ಏರಿಸಿತು. ಈ ಲೆಕ್ಕದಲ್ಲೂ ಒಂದು ಕೆಜಿ ಕಾಳು ರೈತನಿಗೆ ತಂದುಕೊಡುವುದು 53 ರೂಪಾಯಿ. ಆ ಹಣಕ್ಕೆ ಅಂಗಡಿಯಲ್ಲಿ ಒಂದು ಕೆಜಿ ತೊಗರಿಬೇಳೆ ಸಿಗುವುದಿಲ್ಲ.

ಇನ್ನು ಸತ್ವದ ಮಾತು. ಮರಾಠಿ ಶಾಲೆಯ ಮಕ್ಕಳು ‘ಪ್ರಥಿನೆ’ ಎಂದು, ಕನ್ನಡ ಶಾಲೆಯವರು ‘ಸಸಾರಜನಕ’ ಎಂದು ಓದುವ ಪ್ರೋಟೀನ್ ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಇದ್ದರೆ, ಸೋಯಾಬೀನ್‌ನಲ್ಲಿ 36ರಿಂದ 40 ಗ್ರಾಂ ಇದೆ. ಜೊತೆಗೆ 18-20 ಗ್ರಾಂ ಎಣ್ಣೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಸೋಯಾದಲ್ಲಿ ಧಾರಾಳ. ಸೋಯಾದಲ್ಲಿ ಕೊರತೆ ಇರುವ ಮಿಥಿಯೊನಿನ್ ಜೋಳದಿಂದ ದೊರೆಯುತ್ತದೆ. ರೊಟ್ಟಿಗೆ ಬೇಳೆಕಾಳು ಜೊತೆಯಾಗಬೇಕೆಂಬ ಹಿರಿಯರ ರೂಢಿಯ ಹಿಂದಿರುವುದು ಇದೇ ಲೆಕ್ಕ.

ಹಾಲು, ಮೊಸರು, ತುಪ್ಪವನ್ನೂ ಬಿಟ್ಟ ಸಸ್ಯಾಹಾರಕ್ಕೆ ಪಟ್ಟಣಗಳಲ್ಲಿ ಈಗ ‘ವೀಗನ್’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 1944ರಲ್ಲಿ ಹುಟ್ಟಿದ ಹೆಸರು ಅದು. ಹಾಲನ್ನೆಲ್ಲ ಡೇರಿಗೆ ಹಾಕಿ, ಮನೆಗೆ ಚಹಾಕ್ಕಷ್ಟೇ ಉಳಿಸಿಕೊಳ್ಳುವ ಹಳ್ಳಿಗಳಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಲೆ, ಎಣ್ಣೆಗಾಯಿಯ ಊಟ ಹೆಸರಿಲ್ಲದೆಯೇ ವೀಗನ್ ಆಗಿದೆ. ಅದಕ್ಕೆ ಸೋಯಾ ಕೂಡಿಸಲು ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬೇಯಿಸುವ ಕ್ರಮವೊಂದನ್ನು ತಿಳಿದರೆ ಸಾಕು.

ಹಸಿಯಾಗಿ ತಿನ್ನಬಾರದು

ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಇನ್‌ಹಿಬಿಟರ್ ಎಂಬ ಅಂಶವಿದೆ. ಪ್ರೋಟೀನ್ ಅರಗಿಸುವ ಹೊಟ್ಟೆಯ ರಸದ ಕೆಲಸಕ್ಕೆ ಇದು ಅಡ್ಡ ಬರುತ್ತದೆ. ಕಾಳು ತಿಂದು ಹೊಟ್ಟೆ ಕೆಟ್ಟಿತೆಂಬ ದೂರುಗಳ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ಈ ಅಂಶ ಬಹುಪಾಲು ನಾಶವಾಗುತ್ತದೆ. ಸುಮ್ಮನೆ ಬಾಣಲೆಯಲ್ಲಿ ಹುರಿದರೆ ಒಳಗಿನ ತನಕ ಶಾಖ ಸಮನಾಗಿ ಮುಟ್ಟುವುದಿಲ್ಲ. ಹಾಗಾಗಿ ಹಸಿ ಕಾಳನ್ನು ಗಿರಣಿಗೆ ಹಾಕಿಸಿ ಹಿಟ್ಟು ಮಾಡುವುದೂ ತಪ್ಪು.

ಕ್ರಮ ಹೀಗಿದೆ. ಒಂದು ವಾಟಿ ಕಾಳನ್ನು ಆರಿಸಿ ತೊಳೆದು ಮೂರು ವಾಟಿ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬೆಳಿಗ್ಗೆ ಕಾಳು ಎರಡು ಪಟ್ಟಿಗೂ ಮಿಕ್ಕಿ ಉಬ್ಬಿರುತ್ತದೆ. ಆ ನೀರನ್ನು ಚೆಲ್ಲಿ, ಎರಡೂ ಅಂಗೈಗಳ ನಡುವೆ ಕಾಳು ಉಜ್ಜಿದರೆ ಸಿಪ್ಪೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಹೋದಷ್ಟು ಸಿಪ್ಪೆ ತೆಗೆದರೆ ಹೊಟ್ಟೆ ಉಬ್ಬರ ಕಡಿಮೆ. ಬೇರೆ ನೀರು ಹಾಕಿ ಕುಕ್ಕರಿನಲ್ಲಿ ಐದಾರು ಸೀಟಿ, ಅಂದರೆ ಸುಮಾರು 20 ನಿಮಿಷ ಬೇಯಿಸಬೇಕು. ಬೆರಳಲ್ಲಿ ಒತ್ತಿದರೆ ಕಾಳು ಮೆತ್ತಗಾಗಿ ಒಡೆಯಬೇಕು, ಆಗದಿದ್ದರೆ ಇನ್ನೆರಡು ಸೀಟಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸೋಯಾ ಬೇಯುವಾಗ ನೊರೆ ಬಹಳ ಏಳುತ್ತದೆ, ತೇಲುವ ಸಿಪ್ಪೆ ಸೀಟಿಯ ತೂತಿಗೆ ಸಿಕ್ಕಿಕೊಳ್ಳಬಹುದು. ಕುಕ್ಕರನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬದೆ, ಒಂದು ಚಮಚ ಎಣ್ಣೆ ಬಿಟ್ಟು ಬೇಯಿಸಿದರೆ ಆ ಭಯವಿಲ್ಲ. ಕುಕ್ಕರಿಲ್ಲದವರು ಮಡಕೆಯಲ್ಲೂ ಬೇಯಿಸಬಹುದು, ಎರಡು ಮೂರು ತಾಸು ಹಿಡಿಯುತ್ತದೆ.

ಕಾಳಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಬಿತ್ತನೆಗೆಂದು ತಂದು ಉಳಿದ ಬೀಜವನ್ನು ಯಾವ ಕಾರಣಕ್ಕೂ ಅಡುಗೆಗೆ ಬಳಸಬಾರದು. ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಚೀಲದ ಮೇಲೆ ಮರಾಠಿಯಲ್ಲಿ ‘ವಿಷಾರಿ’ ಎಂಬ ಮಾತು ಕಂಡರೆ ವಿಷ ಎಂದೇ ಅರ್ಥ. ತೊಳೆದರೂ ಕುದಿಸಿದರೂ ಅದು ಊಟದ ಕಾಳಾಗುವುದಿಲ್ಲ, ದನಕರುಗಳಿಗೂ ಹಾಕುವಂತಿಲ್ಲ. ಮನೆಯಲ್ಲೇ ಬೀಜೋಪಚಾರ ಮಾಡಿದ ಕಾಳಿಗೂ ಇದೇ ಮಾತು.

ಹಳೆಯ ಪಲ್ಲೆಗೆ ಹೊಸ ಕಾಳು

ಬೆಂದ ಕಾಳು ಕೈಯಲ್ಲಿದ್ದರೆ ಎಲ್ಲಕ್ಕಿಂತ ಸುಲಭದ್ದು ಉಸಳಿ. ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಉಳ್ಳಾಗಡ್ಡಿ ಕೆಂಪಗೆ ಹುರಿದು, ಟೊಮೆಟೊ ಹಾಕಿ ಬಾಡಿಸಬೇಕು. ಅರಿಶಿನ, ಉಪ್ಪು, ಮಸಾಲಿ ಖಾರ ಬಿದ್ದ ಮೇಲೆ ಕಾಳು ಹಾಕಿ, ಅದು ಬೆಂದ ನೀರನ್ನೇ ಅರ್ಧ ವಾಟಿ ಬಿಟ್ಟು ಹತ್ತು ನಿಮಿಷ ಕುದಿಸಿದರೆ ಆಯಿತು. ಸೋಯಾ ಸಪ್ಪೆ ಕಾಳು, ಖಾರ-ಮಸಾಲೆ ಬೇಗ ಹೀರುವುದಿಲ್ಲ. ಹಾಗಾಗಿ ಕೆಲವು ಕಾಳನ್ನು ಸವುಟಿನಿಂದ ಒತ್ತಿ ಒಡೆಯುವುದು ಒಳ್ಳೆಯದು, ರಸವೂ ದಪ್ಪಗಾಗುತ್ತದೆ. ಕೊನೆಗೆ ಕೊತ್ತಂಬರಿ, ನಿಂಬೆಹುಳಿ. ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆಯ ಹುಳಿ ನೆರವಾಗುತ್ತದೆ.

ಎರಡನೆಯದು ತಪ್ಪಲ ಪಲ್ಲೆ. ಮೆಂತೆ, ರಾಜಗಿರಿ, ಪಾಲಕದ ಪಲ್ಲೆಗೆ ಬೇಳೆ ಹಾಕುವ ಕಡೆ ಅರ್ಧ ಬೇಳೆ, ಅರ್ಧ ಬೆಂದ ಸೋಯಾ ಹಾಕಿ ಹಿಸುಕಿದರೆ ಉಣ್ಣುವವರಿಗೆ ವ್ಯತ್ಯಾಸ ತಿಳಿಯುವುದೂ ಕಷ್ಟ. ಮೊದಲ ಸಲ ಮಾಡುವವರು ಇಲ್ಲಿಂದಲೇ ಆರಂಭಿಸುವುದು ಲೇಸು. ಪುಂಡಿ ಪಲ್ಲೆಗೂ ಸೋಯಾ ಒಗ್ಗುತ್ತದೆ, ಅದರ ಹುಳಿಗೆ ಸೋಯಾದ ಹಸಿ ವಾಸನೆ ಅಡಗುತ್ತದೆ. ಆದರೆ ಕಾಳನ್ನು ಮೊದಲೇ ಬೇರೆ ಬೇಯಿಸಿಕೊಂಡಿರಬೇಕು. ಹುಳಿಯ ಜೊತೆ ಹಾಕಿದ ಕಾಳು ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ.

ಎಣ್ಣೆಗಾಯಿ ಬದನೆಕಾಯಿಯ ಹೂರಣಕ್ಕೆ ಶೇಂಗಾಪುಡಿಯೇ ರುಚಿ, ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಶೇಂಗಾ ಅರ್ಧ ಮಾಡಿ, ಉಳಿದರ್ಧಕ್ಕೆ ಬೆಂದ ಸೋಯಾ ತರಿತರಿಯಾಗಿ ರುಬ್ಬಿ ಹಾಕಿದರೆ ಎಣ್ಣೆ ಕಡಿಮೆ ಹಿಡಿಯುತ್ತದೆ. ಹೀರೇಕಾಯಿ, ಚವಳಿಕಾಯಿ, ಸೋರೆಕಾಯಿ ಪಲ್ಲೆಗೂ ಒಂದು ಹಿಡಿ ಬೆಂದ ಕಾಳು ಹಾಕಬಹುದು. ಹಿತ್ತಲಲ್ಲಿ ಅಂದು ಸಿಕ್ಕ ಕಾಯಿಪಲ್ಲೆ ಯಾವುದಿದ್ದರೂ ನಡೆಯುತ್ತದೆ.

ಹಿಟ್ಟು ಮಾಡಬೇಕಾದರೆ ಕಾಳನ್ನು ಬೇಳೆಯಾಗಿ ಒಡೆಸಿ, ಕುದಿಯುವ ನೀರಿಗೆ ಹಾಕಿ ಅರ್ಧ ತಾಸು ಬೇಯಿಸಿ, ಬಿಸಿಲಿಗೆ ಕಟಕಟ ಎನ್ನುವಂತೆ ಒಣಗಿಸಿ ಗಿರಣಿಗೆ ಕೊಡಬೇಕು. ಒಂಬತ್ತು ಪಾಲು ಗೋಧಿ ಹಿಟ್ಟಿಗೆ ಒಂದು ಪಾಲು ಸೋಯಾ ಹಿಟ್ಟು ಚಪಾತಿಗೆ ಸರಿಯಾದ ಅಳತೆ. ಜೋಳದ ರೊಟ್ಟಿಗೆ ಇದಕ್ಕಿಂತ ಹೆಚ್ಚು ಬೆರೆಸಿದರೆ ಬಡಿಯುವಾಗ ಅಂಚು ಸೀಳುತ್ತದೆ. ಝುಣಕದ ಕಡಲೆ ಹಿಟ್ಟಿಗೂ ಒಂದಿಷ್ಟು ಕೂಡಿಸಬಹುದು. ಎಣ್ಣೆ ಅಂಶ ಹೆಚ್ಚಿರುವುದರಿಂದ ಈ ಹಿಟ್ಟು ಬೇಗ ಕಮಟು ಹಿಡಿಯುತ್ತದೆ. ತಿಂಗಳಿಗೆ ಆಗುವಷ್ಟೇ ಮಾಡಿಸಿಕೊಳ್ಳುವುದು ಕ್ಷೇಮ.

ಅಂಗಡಿಯ ಸೋಯಾ ವಡಿ ಎಣ್ಣೆ ತೆಗೆದ ಹಿಟ್ಟಿನಿಂದ ಯಂತ್ರದಲ್ಲಿ ತಯಾರಾಗುವ ಪದಾರ್ಥ. ರಾಯದುರ್ಗ, ಹೊಸೂರು ಕಡೆ ಇದನ್ನೇ ‘ಮೀಲ್ ಮೇಕರ್’ ಎನ್ನುತ್ತಾರೆ. ನೂರು ಗ್ರಾಂ ವಡಿಯಲ್ಲಿ ಪ್ರೋಟೀನ್ ಸುಮಾರು 52 ಗ್ರಾಂ. ಉಪ್ಪು ಹಾಕಿದ ಕುದಿನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ತಣ್ಣೀರಿನಲ್ಲಿ ಎರಡು ಸಲ ಗಟ್ಟಿಯಾಗಿ ಹಿಂಡಿ ತೆಗೆದರೆ ವಾಸನೆ ಹೋಗುತ್ತದೆ. ಹಿಂಡದೆ ರಸಕ್ಕೆ ಹಾಕಿದ ವಡಿ ನೀರು ನೀರಾಗಿ, ಮಕ್ಕಳು ತಾಟಿನ ಅಂಚಿಗೆ ಸರಿಸುವಂತಾಗುತ್ತದೆ.

ಸೋಯಾ ಹಾಲು, ಸೋಯಾ ಪನೀರ್ ಕೂಡ ಮನೆಯಲ್ಲಿ ಆಗುವಂಥವೇ, ಆದರೆ ಕೆಲಸ ಜಾಸ್ತಿ. ನೆನೆದ ಕಾಳನ್ನು ತಣ್ಣೀರಿನ ಬದಲು ಕುದಿನೀರು ಬಿಟ್ಟು ರುಬ್ಬಿದರೆ ಹಸಿ ವಾಸನೆ ಕಡಿಮೆ. ಸೋಸಿದ ಹಾಲನ್ನು 20 ನಿಮಿಷ ಕುದಿಸಿಯೇ ಬಳಸಬೇಕು. ಬಟ್ಟೆಯಲ್ಲಿ ಉಳಿದ ಗಸಿಯನ್ನು ಎಸೆಯದೆ ಥಾಲಿಪಟ್ಟಿನ ಹಿಟ್ಟಿಗೆ ಕಲಸಿ, ಚೆನ್ನಾಗಿ ಬೇಯಿಸಿ ತಿನ್ನಬಹುದು.

ಸೋಯಾ ಎಲ್ಲರಿಗೂ ಒಗ್ಗುತ್ತದೆಂದಲ್ಲ. ತಿಂದ ಕೂಡಲೇ ಮೈ ತುರಿಕೆ, ಬಾಯಿ ಊತ ಬಂದವರು ಮತ್ತೆ ಮುಟ್ಟಬಾರದು. ಥೈರಾಯ್ಡ್ ಗುಳಿಗೆ ನುಂಗುವವರು ಗುಳಿಗೆಗೂ ಸೋಯಾ ಊಟಕ್ಕೂ ಕೆಲ ತಾಸು ಅಂತರ ಇಡಬೇಕು, ಇಲ್ಲವಾದರೆ ಗುಳಿಗೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ವೈದ್ಯರನ್ನೂ ಕೇಳುವುದು ಒಳಿತು. ಹಾಲು ಪೂರ್ತಿ ಬಿಟ್ಟವರಿಗೆ ಸೋಯಾದಿಂದ ಬಿ-12 ಜೀವಸತ್ವ ಸಿಗುವುದಿಲ್ಲ, ಅದಕ್ಕೆ ಗುಳಿಗೆಯೇ ದಾರಿ. ಹೊಸದಾಗಿ ಉಣ್ಣುವವರು ವಾರಕ್ಕೆರಡು ದಿನ, ಅರ್ಧ ವಾಟಿಯಿಂದ ಆರಂಭಿಸಿದರೆ ಹೊಟ್ಟೆಗೂ ರೂಢಿಯಾಗುತ್ತದೆ.

ಐದು ಜನರ ಮನೆಗೆ ವಾರಕ್ಕೆ ಅರ್ಧ ಕೆಜಿ ಎಂದರೆ ವರ್ಷಕ್ಕೆ ಬೇಕಾಗುವುದು 26 ಕೆಜಿ, ಅಂದರೆ ಕಾಲು ಕ್ವಿಂಟಾಲಿಗೆ ತುಸು ಹೆಚ್ಚು. ಮಳೆಗೆ ಸಿಕ್ಕು ಕಪ್ಪಾದ, ಬೂಸಲು ಹಿಡಿದ ಕಾಳು ಇದಕ್ಕೆ ಬೇಡ. ಮೊದಲ ರಾಶಿಯ ಒಳ್ಳೆಯ ಕಾಳನ್ನು ಬಿಸಿಲಿಗೆ ಹರವಿ, ಹಲ್ಲಲ್ಲಿ ಕಡಿದರೆ ಕಟ್ ಎಂದು ಒಡೆಯುವಷ್ಟು ಒಣಗಿಸಿ, ಬಾಯಿ ಬಿಗಿಯಾದ ಡಬ್ಬಿಯಲ್ಲಿ ತುಂಬಿ, ಬಿತ್ತನೆ ಬೀಜದಿಂದ ದೂರ ಬೇರೆ ಕೋಣೆಯಲ್ಲಿ ಇಡಬೇಕು. ಡಬ್ಬಿಯ ಮೇಲೆ ‘ಊಟದ್ದು’ ಎಂದು ಕನ್ನಡದಲ್ಲೋ ಮರಾಠಿಯಲ್ಲೋ ಬರೆದಿಟ್ಟರೆ ಜೂನ್ ತಿಂಗಳ ಬಿತ್ತನೆ ಗಡಿಬಿಡಿಯಲ್ಲಿ ಅದಲುಬದಲಾಗುವುದಿಲ್ಲ.