ಹಳೆಯ ಲಾರಿಯ ದಾಹ

ನನ್ನ ಪೂರ್ವಶಿಷ್ಯನೊಬ್ಬನು ಹಳೆಯ ಡೀಸೆಲ್ ಲಾರಿಗೆ ಟ್ರೈಲರನ್ನು ಕಟ್ಟಿ, ಭಾರವನ್ನೆಳೆದು ಸಂಸಾರವನ್ನು ಸಾಗಿಸುತ್ತಿರುವನು. ಹೋದ ಬೇಸಗೆಯಲ್ಲಿ ಶಿರಾಡಿ ಘಟ್ಟವನ್ನೇರುವಾಗ ಎಂಜಿನ್ನು ಕಾದುಹೋಯಿತು. ಅವಸರದಿಂದ ರೇಡಿಯೇಟರಿನ ಮುಚ್ಚಳವನ್ನು ತೆರೆಯಲು, ಚಿಮ್ಮಿದ ನೀರು ಮುಂಗೈಯನ್ನು ಸುಟ್ಟಿತು. ಮುಚ್ಚಳದ ಒತ್ತಡವಿರುವತನಕ ನೀರು 100 ಡಿಗ್ರಿಯನ್ನು ಮೀರಿದರೂ ಕುದಿಯದು, ತೆರೆದೊಡನೆಯೆ ಉಕ್ಕುವುದು.

ದೋಷವು ಘಟ್ಟದ್ದೆಂದು ಅವನು ಬಗೆದಿದ್ದನು. ಆದರೆ ರೇಡಿಯೇಟರನ್ನು ಬಿಚ್ಚಿದಾಗ, ಸ್ನಾನದ ಹಂಡೆಯೊಳಗೆ ಕಟ್ಟುವಂತಹ ಸುಣ್ಣದ ಪದರವು ನಾಳಗಳಲ್ಲಿ ಕಂಡಿತು. ವರ್ಷಗಟ್ಟಲೆ ಸುರಿದ ಕೊಳವೆಬಾವಿಯ ಗಡಸು ನೀರೇ ಅದಕ್ಕೆ ಕಾರಣವು. ಆ ಪದರವು ಶಾಖವನ್ನು ಹೊರಹೋಗಗೊಡದು.

ಆದುದರಿಂದ ಇಂತಹ ವಾಹನವುಳ್ಳ ಗೃಹಸ್ಥರು ರೇಡಿಯೇಟರನ್ನು ತೊಳೆಯಿಸಿ, ಬಟ್ಟಿಯಿಳಿಸಿದ ನೀರಿಗೆ ಡೀಸೆಲ್ ಎಂಜಿನ್ನಿಗೆ ತಕ್ಕ ಕೂಲಂಟನ್ನು ಸಮಭಾಗವಾಗಿ ಬೆರೆಸಿ ತುಂಬತಕ್ಕದ್ದು. ಹೊರಗಣ ರೆಕ್ಕೆಗಳಲ್ಲಿ ಸಿಕ್ಕಿದ ಧೂಳನ್ನೂ ಹುಳುಗಳನ್ನೂ ತೆಗೆಯಬೇಕು. ಫ್ಯಾನ್ ಬೆಲ್ಟು ಸಡಿಲವಾಗಿರಬಾರದು; ಹೋಸುಗಳು ಬಿರಿದಿರಬಾರದು. ಮುಚ್ಚಳದ ಸ್ಪ್ರಿಂಗು ಸೋತಿದ್ದರೆ ಹೊಸ ಮುಚ್ಚಳವನ್ನು ಹಾಕಿಸಬೇಕು. ಥರ್ಮೋಸ್ಟಾಟನ್ನು ಕಿತ್ತೆಸೆಯುವುದು ಚಿಕಿತ್ಸೆಯಲ್ಲ.

ದಾರಿಯಲ್ಲಿ ಉಷ್ಣಮಾಪಕದ ಮುಳ್ಳು ಮೇಲೇರಿದರೆ ಬದಿಗೆ ನಿಲ್ಲಿಸಿ, ಎಂಜಿನ್ನು ಪೂರ್ತಿಯಾಗಿ ತಣಿದ ಮೇಲೆಯೇ ಮುಚ್ಚಳವನ್ನು ಮುಟ್ಟತಕ್ಕದ್ದು.

ಮನೆಗೆ ಬೆಂಕಿ ಬಿದ್ದಾಗ ಬಾವಿಯನ್ನು ತೋಡಿ ಫಲವೇನು? ಶಿಷ್ಯನ ಕೈ ಮಾಯ್ದಿದೆ; ಕಲೆಯು ಮಾತ್ರ ಉಳಿದಿದೆ.